ಕೃಪೆ ಮತ್ತು ಕೃತಜ್ಞತೆ: ಕ್ರೈಸ್ತ ಬದುಕಿನ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ದೇವರು ಪುಕ್ಕಟೆಯಾಗಿ ಕೊಟ್ಟದ್ದಕ್ಕೆ ನಾವು ಏನು ಮಾಡಬೇಕು, ಏನಾದರೂ ಮಾಡಲೇಬೇಕೆಂದಾದರೆ ಅದು ಪುಕ್ಕಟೆ ಹೇಗಾಯಿತು? ದೃಢೀಕರಣದ (ಸಭೆಯ ಮುಂದೆ ತಮ್ಮ ನಂಬಿಕೆಯನ್ನು ದೃಢಪಡಿಸುವ ವಿಧಿಯ) ತರಗತಿಗೆ ಬರುವ ಹುಡುಗರಿಂದ ಹಿಡಿದು ಮೊಮ್ಮಕ್ಕಳನ್ನು ಎತ್ತಿ ಆಡಿಸಿದ ಹಿರಿಯರವರೆಗೆ ಎಲ್ಲರೂ ಒಂದಲ್ಲ ಒಂದು ದಿನ ಇದನ್ನು ಕೇಳುತ್ತಾರೆ. ಬೈಬಲ್ ಅಧ್ಯಯನದ ಕೂಟಗಳಲ್ಲಿ ಮತ್ತೆ ಮತ್ತೆ ಎದುರಾದ ಇಂಥ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ, ಸಾಧ್ಯವಾದಷ್ಟು ನೇರವಾಗಿ ಉತ್ತರಿಸಲು ಪ್ರಯತ್ನಿಸಿದ್ದೇವೆ.

ಕೃಪೆ ಎಂದರೆ ಏನು? ದಯೆ, ಕರುಣೆ ಎಂದರೆ ಸಾಲದೇ?

ಕೃಪೆ ಎಂದರೆ ಪಡೆಯುವವನ ಯೋಗ್ಯತೆಯನ್ನು ನೋಡದೆ ದೇವರು ತಾನಾಗಿಯೇ ತೋರುವ ದಯೆ. ಕಥೋಲಿಕ ಸಭೆಯ ಕನ್ನಡದಲ್ಲಿ ಇದಕ್ಕೆ ವರಪ್ರಸಾದ ಎಂಬ ಮಾತೂ ಬಳಕೆಯಲ್ಲಿದೆ. ಎಫೆಸದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಆದಿಸಭೆಯ ಬೋಧಕನಾದ ಪೌಲನು, ರಕ್ಷಣೆಯು ಕೃಪೆಯಿಂದ, ನಂಬಿಕೆಯ ಮೂಲಕ ಆದದ್ದು, ಅದು ದೇವರ ವರವೇ ಹೊರತು ಯಾರೂ ಹೊಗಳಿಕೊಳ್ಳುವಂತೆ ಕ್ರಿಯೆಗಳಿಂದ ಸಂಪಾದಿಸಿದ್ದಲ್ಲ ಎಂದು ಹೇಳುತ್ತಾನೆ.

ಅದರ ಅಳತೆ ಎಷ್ಟೆಂದು ತಿಳಿಯಬೇಕಾದರೆ ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದ ಸಾಮ್ಯವನ್ನು ಲೆಕ್ಕ ಹಾಕಿ ಓದಬೇಕು. ಅರಸನು ತನ್ನ ಸೇವಕನಿಗೆ ಮನ್ನಾ ಮಾಡಿದ ಸಾಲ 10,000 ತಲಾಂತು. ಒಂದು ತಲಾಂತು ಎಂದರೆ ಸುಮಾರು 6,000 ಬೆಳ್ಳಿ ನಾಣ್ಯ, ಒಂದು ಬೆಳ್ಳಿ ನಾಣ್ಯವೆಂದರೆ ಕೂಲಿಯಾಳಿನ ಒಂದು ದಿನದ ಸಂಬಳ. ಅಲ್ಲಿಗೆ ಆರು ಕೋಟಿ ದಿನಗಳ ಕೂಲಿ. ವರ್ಷಕ್ಕೆ ಮುನ್ನೂರು ದಿನ ದುಡಿದರೂ ಎರಡು ಲಕ್ಷ ವರ್ಷ ಬೇಕು. ಆ ಸೇವಕ ಅರಸನ ಕಾಲಿಗೆ ಬಿದ್ದು ಸ್ವಲ್ಪ ತಾಳಿಕೊಳ್ಳಬೇಕು, ಎಲ್ಲವನ್ನೂ ತೀರಿಸುತ್ತೇನೆ ಎಂದು ಬೇಡಿಕೊಳ್ಳುತ್ತಾನೆ. ತೀರಿಸುತ್ತೇನೆ ಎಂಬ ಆ ಮಾತಿನಲ್ಲಿಯೇ ಅವನಿಗೆ ತನ್ನ ಸಾಲದ ಗಾತ್ರ ಗೊತ್ತಿಲ್ಲವೆಂಬುದು ತಿಳಿಯುತ್ತದೆ. ಅರಸನು ಗಡುವು ಕೊಡುವುದಿಲ್ಲ, ಕಂತು ಕಟ್ಟಿಸಿಕೊಳ್ಳುವುದಿಲ್ಲ, ಸಾಲವನ್ನೇ ಬಿಟ್ಟುಬಿಡುತ್ತಾನೆ.

ಕೃಪೆಗೂ ಕೃತಜ್ಞತೆಗೂ ಇಷ್ಟು ಹತ್ತಿರದ ಸಂಬಂಧ ಏಕೆ?

ಹೊಸ ಒಡಂಬಡಿಕೆಯ ಮೂಲ ಭಾಷೆಯಾದ ಗ್ರೀಕಿನಲ್ಲಿ ಇವೆರಡಕ್ಕೂ ಒಂದೇ ಪದ ಬರುತ್ತದೆ: ಖಾರಿಸ್. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಒಂಬತ್ತನೆಯ ಅಧ್ಯಾಯದ ಕೊನೆಯ ಎರಡು ವಚನಗಳನ್ನು ನೋಡಿದರೆ, 14ನೆಯದರಲ್ಲಿ ದೇವರ ಅತಿಶಯವಾದ ಕೃಪೆಗೂ 15ನೆಯದರಲ್ಲಿ ದೇವರಿಗೆ ಸಲ್ಲುವ ಸ್ತೋತ್ರಕ್ಕೂ ಪೌಲನು ಇದೇ ಪದವನ್ನು ಇಡುತ್ತಾನೆ. ಮೇಲಿನಿಂದ ಇಳಿದು ಬಂದದ್ದು ಅದೇ ಹೆಸರಿನಿಂದ ಮೇಲಕ್ಕೆ ಹೋಗುತ್ತದೆ. ರೊಟ್ಟಿ ಮತ್ತು ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಆದಿಸಭೆಯಿಂದಲೂ ನಡೆದು ಬಂದಿರುವ ಯೂಕರಿಸ್ಟ್ ಎಂಬ ಹೆಸರು ಕೂಡ ಈ ಬೇರಿನಿಂದಲೇ ಹುಟ್ಟಿದ್ದು, ಅದರ ಅರ್ಥ ಕೃತಜ್ಞತಾಸ್ತುತಿ.

ನಮ್ಮ ಮಾತಿನಲ್ಲಿರುವ ಅರ್ಥವೂ ಗಮನಿಸತಕ್ಕದ್ದು. ಕೃತಜ್ಞ ಎಂದರೆ ಮಾಡಿದ್ದನ್ನು ಬಲ್ಲವನು; ಕೃತಘ್ನ ಎಂದರೆ ಮಾಡಿದ್ದನ್ನು ಕೊಂದವನು. ಹಾಗಾಗಿ ಕೃತಜ್ಞತೆಯು ಮೊದಲು ತಿಳಿವಳಿಕೆ, ಆಮೇಲೆ ಭಾವನೆ. 103ನೆಯ ಕೀರ್ತನೆಯಲ್ಲಿ ಭಕ್ತನು ತನ್ನ ಮನಸ್ಸಿಗೇ ಬುದ್ಧಿ ಹೇಳಿಕೊಂಡು, ಆತನ ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡ ಎನ್ನುತ್ತಾನೆ. ಮರೆವು ಸಹಜವೆಂದು ಅವನಿಗೆ ಗೊತ್ತಿತ್ತು.

ಹಾಗಾದರೆ ಕೃತಜ್ಞತೆಯ ಬದುಕು ಎಂದರೆ ದೇವರ ಋಣ ತೀರಿಸುವುದೇ?

ಅಲ್ಲ. ಈ ಪುಟದ ಉಳಿದೆಲ್ಲ ಉತ್ತರಗಳೂ ಇದರ ಮೇಲೆ ನಿಂತಿರುವುದರಿಂದ ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಋಣ ಎಂಬ ಮಾತು ನಮ್ಮ ರಕ್ತದಲ್ಲಿಯೇ ಇದೆ. ಅನ್ನದ ಋಣ, ಹೆತ್ತವರ ಋಣ, ಉಪ್ಪಿನ ಋಣ ಎಂದು ಬೆಳೆದ ನಮಗೆ, ಯಾರಾದರೂ ಉಪಕಾರ ಮಾಡಿದರೆ ಸಂತೋಷಕ್ಕಿಂತ ಮೊದಲು ಒಂದು ಭಾರ ತಾಗುತ್ತದೆ. ಮದುವೆ ಮನೆಯ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಮದುವೆಗೆ ಅಷ್ಟೇ ಹಿಂತಿರುಗಿಸುವವರು ನಾವು. ಮನುಷ್ಯರ ನಡುವೆ ಇದು ಒಳ್ಳೆಯ ನಡತೆಯೇ. ಆದರೆ ಅದೇ ಪುಸ್ತಕವನ್ನು ದೇವರ ಮುಂದೆ ತೆರೆದರೆ ಎರಡು ಕೆಡುಕಾಗುತ್ತದೆ: ತೀರಿಸಿದೆ ಎಂದುಕೊಂಡವನಿಗೆ ಅಹಂಕಾರ ಬರುತ್ತದೆ, ತೀರಿಸಲಾರೆ ಎಂದುಕೊಂಡವನಿಗೆ ಭಯ ಹಿಡಿಯುತ್ತದೆ. ಎರಡು ಲಕ್ಷ ವರ್ಷದ ಕೂಲಿಯನ್ನು ತೀರಿಸಲು ಹೊರಟ ಸೇವಕನು, ನೂರು ದಿನದ ಕೂಲಿಯಷ್ಟು ಸಾಲ ಉಳಿಸಿಕೊಂಡಿದ್ದ ತನ್ನ ಜೊತೆಯವನ ಕುತ್ತಿಗೆ ಹಿಸುಕಿದ್ದು ಇದೇ ಕಾರಣಕ್ಕೆ ಎಂದು ನನಗೆ ತೋರುತ್ತದೆ. ಅವನು ಇನ್ನೂ ಲೆಕ್ಕದಲ್ಲಿಯೇ ಇದ್ದ, ಮನ್ನಾ ಆದದ್ದು ಅವನ ತಲೆಗೆ ಹೋಗಿರಲೇ ಇಲ್ಲ.

116ನೆಯ ಕೀರ್ತನೆಯಲ್ಲಿ ನಮ್ಮದೇ ಪ್ರಶ್ನೆ ಇದೆ: ಯೆಹೋವನು ಮಾಡಿದ ಉಪಕಾರಗಳಿಗೆಲ್ಲ ಬದಲೇನು ಕೊಡಲಿ? ಅದರ ಹಿಂದೆಯೇ ಬರುವ ಉತ್ತರ ಅನಿರೀಕ್ಷಿತವಾದದ್ದು: ರಕ್ಷಣೆಯ ಪಾತ್ರೆಯನ್ನು ಎತ್ತಿಕೊಂಡು ಆತನ ನಾಮವನ್ನು ಕರೆಯುವೆನು. ಕೊಡುವುದಕ್ಕೆ ಹೊರಟವನು ಮೊದಲು ಮಾಡುವ ಕೆಲಸ, ಇನ್ನೊಮ್ಮೆ ಕೈಯೊಡ್ಡಿ ತೆಗೆದುಕೊಳ್ಳುವುದು.

ಲೂಕನ ಸುವಾರ್ತೆಯ 17ನೆಯ ಅಧ್ಯಾಯದ ಹತ್ತು ಮಂದಿ ಕುಷ್ಠರೋಗಿಗಳ ಕಥೆಯನ್ನೂ ಹೀಗೆಯೇ ಓದಬೇಕು. ಹತ್ತು ಮಂದಿಗೂ ವಾಸಿಯಾಯಿತು, ಒಬ್ಬನೇ ಹಿಂದಿರುಗಿ ಬಂದು ಯೇಸುವಿನ ಪಾದಕ್ಕೆ ಬಿದ್ದನು, ಅವನೂ ಯೆಹೂದ್ಯರು ದೂರವಿಡುತ್ತಿದ್ದ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳುತ್ತಾನೆ. ಆ ದನಿಯಲ್ಲಿ ನೋವಿದೆ. ಆದರೆ ಅವರಿಗೆ ರೋಗ ಮರುಕಳಿಸಿತೆಂದು ಕಥೆ ಹೇಳುವುದಿಲ್ಲ. ಕೊಟ್ಟದ್ದನ್ನು ಕಿತ್ತುಕೊಳ್ಳುವ ಭಯದಿಂದ ಹಿಂದಿರುಗಿದ್ದರೆ ಅದು ಋಣ ತೀರಿಸುವುದಾಗುತ್ತಿತ್ತು. ಆ ಒಬ್ಬನು ಬಂದದ್ದು ತಡೆಯಲಾರದೆ.

ಕೃಪೆಯಿಂದಲೇ ರಕ್ಷಣೆಯಾದ ಮೇಲೆ ಸತ್ಕ್ರಿಯೆಗಳು ಏಕೆ ಬೇಕು?

ಈ ಪ್ರಶ್ನೆ ಪೌಲನ ಕಾಲದ್ದೇ. ಕೃಪೆ ಹೆಚ್ಚಲೆಂದು ಪಾಪದಲ್ಲಿಯೇ ಇರೋಣವೋ ಎಂದು ರೋಮಾಪುರದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯದಲ್ಲಿ ತಾನೇ ಕೇಳಿಕೊಂಡು, ಎಂದಿಗೂ ಇಲ್ಲ ಎನ್ನುತ್ತಾನೆ. ಇದಕ್ಕೆ ಅತ್ಯಂತ ಕ್ರಮಬದ್ಧವಾದ ಉತ್ತರವನ್ನು ಕೊಟ್ಟದ್ದು, ನಮ್ಮ ತಿಳಿವಳಿಕೆಯಲ್ಲಿ, 1563ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ನಗರದಲ್ಲಿ ಪ್ರಕಟವಾದ ಪ್ರಶ್ನೋತ್ತರಿ. ಆ ನಾಡಿನ ಅರಸ ಮೂರನೆಯ ಫ್ರೆಡರಿಕ್ ಬರೆಯಿಸಿದ ಅದರಲ್ಲಿ 129 ಪ್ರಶ್ನೆಗಳಿವೆ. ವರ್ಷದ ಪ್ರತಿ ಭಾನುವಾರಕ್ಕೆ ಒಂದರಂತೆ ಅವನ್ನು 52 ಭಾಗಗಳಾಗಿ ಹಂಚಲಾಗಿದೆ.

ಅದರ ಕಟ್ಟಡವೇ ಒಂದು ಪಾಠ. ಮೊದಲನೆಯ ಭಾಗ ಮನುಷ್ಯನ ದುರವಸ್ಥೆಯನ್ನೂ ಎರಡನೆಯದು ಬಿಡುಗಡೆಯನ್ನೂ ಹೇಳುತ್ತದೆ. ಮೂರನೆಯ ಭಾಗಕ್ಕೆ ಕರ್ತವ್ಯ ಎಂದೋ ನಿಯಮ ಎಂದೋ ಹೆಸರಿಡಬಹುದಾಗಿತ್ತು; ಇಟ್ಟ ಹೆಸರು ಕೃತಜ್ಞತೆ. 86ನೆಯ ಪ್ರಶ್ನೆಯಿಂದ ಆರಂಭವಾಗುವ ಈ ಭಾಗದಲ್ಲಿಯೇ ದಶಾಜ್ಞೆಗಳ ವಿವರಣೆ ಬರುತ್ತದೆ. ಕೊಲ್ಲಬೇಡ, ಕದಿಯಬೇಡ, ಸುಳ್ಳುಸಾಕ್ಷಿ ಹೇಳಬೇಡ ಎಂಬ ಆಜ್ಞೆಗಳು ದೇವರ ಮನೆಯ ಬಾಗಿಲಲ್ಲಿ ನಿಂತ ಕಾವಲುಗಾರರಲ್ಲ. ಒಳಗೆ ಬಂದು ಊಟಕ್ಕೆ ಕುಳಿತವರು ಆ ಮನೆಯಲ್ಲಿ ಹೇಗೆ ಬಾಳಬೇಕೆಂಬ ರೀತಿ. ಪ್ರಾರ್ಥನೆಯನ್ನು ಅದೇ ಭಾಗದ 116ನೆಯ ಪ್ರಶ್ನೆಯು ಕೃತಜ್ಞತೆಯ ಮುಖ್ಯ ಅಂಶವೆಂದು ಕರೆಯುತ್ತದೆ.

ಈ ಬೋಧನೆ ಜನರನ್ನು ಬೇಜವಾಬ್ದಾರರನ್ನಾಗಿ ಮಾಡುವುದಿಲ್ಲವೇ ಎಂದು 64ನೆಯ ಪ್ರಶ್ನೆ ಕೇಳುತ್ತದೆ. ಇಲ್ಲ, ನಿಜವಾದ ನಂಬಿಕೆಯಿಂದ ಕ್ರಿಸ್ತನಲ್ಲಿ ಕಸಿಮಾಡಲ್ಪಟ್ಟವರು ಕೃತಜ್ಞತೆಯ ಫಲ ಕೊಡದಿರುವುದು ಅಸಾಧ್ಯ ಎಂಬುದು ಅದರ ಉತ್ತರ. ಮಾವಿನ ಗಿಡಕ್ಕೆ ಕಸಿ ಕಟ್ಟಿದ ರೈತನಿಗೆ ಈ ಮಾತು ಬೇಗ ಹಿಡಿಯುತ್ತದೆ. ಕಸಿ ಹಿಡಿಯಲೆಂದು ಕೊಂಬೆಗೆ ಹಣ್ಣನ್ನು ದಾರದಿಂದ ಕಟ್ಟುವವರಿಲ್ಲ. ಕಸಿ ಹಿಡಿದ ಕೊಂಬೆ ಕಾಲಕ್ಕೆ ಸರಿಯಾಗಿ ಕಾಯಿ ಬಿಡುತ್ತದೆ.

ಹರಕೆ ತೀರಿಸುವುದಕ್ಕೂ ಕೃತಜ್ಞತೆಗೂ ಏನು ವ್ಯತ್ಯಾಸ?

ನಮ್ಮ ಸಭೆಗಳಲ್ಲಿಯೂ ಹರಕೆ ಹೊರುವವರು ಇದ್ದಾರೆ: ಮಗುವಾದರೆ ಇಷ್ಟು ಕೊಡುತ್ತೇನೆ, ಕೆಲಸ ಸಿಕ್ಕರೆ ಮೊದಲ ಸಂಬಳ ನಿನ್ನದು. ಬೈಬಲಿನಲ್ಲಿ ಮಕ್ಕಳಿಲ್ಲದ ಹನ್ನಳು ಮಗ ಸಮುವೇಲನಿಗಾಗಿ ಹರಕೆ ಹೊತ್ತಿದ್ದಳು, ಆದ್ದರಿಂದ ಸಂಕಟದಲ್ಲಿ ಬಾಯಿಂದ ಬಂದ ಇಂಥ ಮಾತನ್ನು ಹೀಗಳೆಯಲು ನಮಗೆ ಮನಸ್ಸಿಲ್ಲ. ಹರಕೆ ಹೊತ್ತವರು ಅದನ್ನು ತೀರಿಸಲಿ. ಆದರೆ ಹರಕೆಯಲ್ಲಿ ಕೊಟ್ಟರೆ ಎಂಬ ಷರತ್ತು ಇರುತ್ತದೆ. ಕೃತಜ್ಞತೆ ಹುಟ್ಟುವುದು ಕೊಟ್ಟಾಗಿದೆ ಎಂಬಲ್ಲಿ. ನಾವು ಕೇಳುವ ಮೊದಲೇ, ನಾವಿನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗಾಗಿ ಪ್ರಾಣ ಕೊಟ್ಟನು ಎನ್ನುವವರು, ಬೇಡಿದ್ದು ಸಿಗದಿದ್ದ ವರ್ಷದಲ್ಲಿಯೂ ಕೃತಜ್ಞತಾ ಕೂಟ ಇಡಬಲ್ಲರು.

ಸಾವು, ನಷ್ಟ, ಕಾಯಿಲೆ ಬಂದಾಗಲೂ ಸ್ತೋತ್ರ ಹೇಳಬೇಕೇ?

ಕೆಲವು ವರ್ಷಗಳ ಹಿಂದೆ, ಬೆಳೆದ ಮಗನನ್ನು ಕಳೆದುಕೊಂಡ ತಾಯಿಯೊಬ್ಬರ ಮನೆಯಲ್ಲಿ ನಾನು ಕುಳಿತಿದ್ದಾಗ, ಸಾಂತ್ವನ ಹೇಳಲು ಬಂದವರೊಬ್ಬರು, ಸ್ತೋತ್ರ ಹೇಳಮ್ಮಾ, ಎಲ್ಲ ದೇವರ ಚಿತ್ತ ಎಂದರು. ಆ ತಾಯಿ ತಲೆ ಎತ್ತಲಿಲ್ಲ. ಮಡಿಲಲ್ಲಿದ್ದ ಮಗನ ಅಂಗಿಯ ಗುಂಡಿಯನ್ನು ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು, ಇಷ್ಟನ್ನೇ ಮಾಡುತ್ತಿದ್ದರು. ಹೇಳಿದವರ ಉದ್ದೇಶ ಒಳ್ಳೆಯದೇ ಇದ್ದೀತು, ಆದರೂ ಆ ಹೊತ್ತಿಗೆ ಆ ಮಾತು ತಪ್ಪು ಎಂದು ನಾನು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ.

ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರಿಕೆಯು ಎಲ್ಲಾ ಸ್ಥಿತಿಗಳಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ ಎನ್ನುತ್ತದೆ. ಸ್ಥಿತಿಯಲ್ಲಿದ್ದುಕೊಂಡು ಸ್ತುತಿಸುವುದು ಬೇರೆ, ಆ ಸ್ಥಿತಿಗಾಗಿಯೇ ಸ್ತುತಿಸುವುದು ಬೇರೆ. ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ಎಲ್ಲಾ ಕಾರ್ಯಗಳಿಗಾಗಿಯೂ ಎಂಬ ಮಾತು ಇದೆಯಲ್ಲ ಎಂದು ಕೆಲವರು ತೋರಿಸುತ್ತಾರೆ, ಇದೆ ನಿಜ. ಆದರೆ ಅದೇ ಬೈಬಲಿನಲ್ಲಿ ಮರಣವನ್ನು ಶತ್ರು ಎಂದು ಕರೆದಿದೆ, ಮತ್ತು ಶತ್ರುವಿಗಾಗಿ ಸ್ತೋತ್ರ ಹೇಳೆಂದು ಅಳುವವರ ಬಾಯಿಗೆ ಮಾತು ತುರುಕುವ ಅಧಿಕಾರವನ್ನು ಅದು ಯಾರಿಗೂ ಕೊಟ್ಟಿಲ್ಲ. 150 ಕೀರ್ತನೆಗಳಲ್ಲಿ ಪ್ರಲಾಪದ ಕೀರ್ತನೆಗಳು ಬಹಳ. 88ನೆಯದಂತೂ ಕತ್ತಲೆಯಲ್ಲಿಯೇ ಮುಗಿಯುತ್ತದೆ, ಕೊನೆಯಲ್ಲಿ ಸ್ತುತಿಯ ಒಂದು ಸಾಲೂ ಇಲ್ಲ. ಅದನ್ನೂ ದೇವಾಲಯದ ಹಾಡುಗಳ ಜೊತೆಗೆ ಸೇರಿಸಿಟ್ಟವರ ಪ್ರಾಮಾಣಿಕತೆಗೆ ನಾವು ತಲೆಬಾಗಬೇಕು.

ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ ಯೇಸು ಸತ್ತುಹೋದ ಸ್ನೇಹಿತ ಲಾಜರನ ಸಮಾಧಿಗೆ ಬರುವಾಗ ಮೊದಲು ಅಳುತ್ತಾನೆ. ಕೆಲವು ವಚನಗಳ ಬಳಿಕ, ತಂದೆಯೇ, ನನಗೆ ಕಿವಿಗೊಟ್ಟದ್ದಕ್ಕಾಗಿ ಸ್ತೋತ್ರ ಎನ್ನುತ್ತಾನೆ. ಕಣ್ಣೀರನ್ನು ಒರೆಸಿಕೊಂಡ ಮೇಲೆಯೇ ಸ್ತೋತ್ರ ಎಂಬ ನಿಯಮ ಅಲ್ಲಿಲ್ಲ, ಸ್ತೋತ್ರ ಹೇಳುವವನು ಅಳಬಾರದೆಂಬ ನಿಯಮವೂ ಇಲ್ಲ. ಆತನು ರೊಟ್ಟಿಯನ್ನು ತೆಗೆದುಕೊಂಡು ಸ್ತೋತ್ರ ಮಾಡಿ ಮುರಿದದ್ದು ಹಿಡಿದುಕೊಡಲ್ಪಟ್ಟ ರಾತ್ರಿಯಲ್ಲಿಯೇ ಎಂದು ಪೌಲನು ನೆನಪಿಸುತ್ತಾನೆ. ಕರ್ತನ ಭೋಜನದಲ್ಲಿ ಆ ರಾತ್ರಿಯ ಉಲ್ಲೇಖ ಬಂದಾಗಲೆಲ್ಲ, ಕೃತಜ್ಞತೆಯು ಸುಖದ ದಿನಗಳ ಸೊತ್ತಲ್ಲ ಎಂಬುದು ಯಾವ ವಾದಕ್ಕಿಂತಲೂ ಸ್ಪಷ್ಟವಾಗುತ್ತದೆ. ದುಃಖದ ಮನೆಗೆ ಹೋದಾಗ ನಾವು ಮಾಡಬಹುದಾದ್ದು ಜೊತೆಯಲ್ಲಿ ಕೂತು ಅಳುವುದು, ಒಲೆ ಹಚ್ಚಿ ಗಂಜಿ ಕಾಯಿಸುವುದು. ಸ್ತೋತ್ರ ಯಾವಾಗ ಹೇಳಬೇಕೆಂಬುದನ್ನು ಆ ತಾಯಿಗೂ ದೇವರಿಗೂ ಬಿಡೋಣ.

ಸಭೆಯಲ್ಲಿ ಸಾಕ್ಷಿ ಹೇಳುವಾಗ ಏನನ್ನು ಗಮನದಲ್ಲಿಡಬೇಕು?

ವೀಸಾ ಸಿಕ್ಕಿತು, ಸೈಟು ಕೊಂಡೆವು, ಮಗಳಿಗೆ ಮೆಡಿಕಲ್ ಸೀಟು ಆಯಿತು ಎಂದು ಎದ್ದು ನಿಂತು ದೇವರನ್ನು ಸ್ತುತಿಸುವುದು ಒಳ್ಳೆಯದೇ. ಆದರೆ ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ, ಅಷ್ಟೇ ಪ್ರಾರ್ಥಿಸಿಯೂ ಸೀಟು ಸಿಗದ ಮಗಳ ತಂದೆ ಕುಳಿತಿರುತ್ತಾನೆ. ದೇವರು ನಮ್ಮನ್ನು ಹೆಚ್ಚು ಪ್ರೀತಿಸಿದ್ದರಿಂದ ಕೊಟ್ಟನು ಎಂಬ ಅರ್ಥ ನಮ್ಮ ಮಾತಿನಿಂದ ಹೊರಟರೆ ಅವನಿಗೆ ಸುವಾರ್ತೆಯ ಬದಲು ತೀರ್ಪು ತಲುಪುತ್ತದೆ. ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ದೇವಾಲಯಕ್ಕೆ ಹೋದ ಫರಿಸಾಯನ (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಗಡದವನ) ಪ್ರಾರ್ಥನೆಯೂ ದೇವರೇ, ನಿನಗೆ ಸ್ತೋತ್ರ ಎಂದೇ ಆರಂಭವಾಗುತ್ತದೆ. ನಾನು ಉಳಿದವರಂತಲ್ಲ ಎಂಬುದೇ ಅವನ ಸ್ತೋತ್ರದ ಕಾರಣ. ನೀತಿವಂತನೆಂದು ಎಣಿಸಲ್ಪಟ್ಟು ಮನೆಗೆ ಹೋದವನು, ಅಲ್ಲಿಗೇ ಬಂದು ತಲೆ ಎತ್ತಲಾರದೆ ಎದೆ ಬಡಿದುಕೊಂಡ, ಜನ ಪಾಪಿಯೆಂದು ಹೀಗಳೆಯುತ್ತಿದ್ದ ಸುಂಕದವನು.

ದಶಾಂಶ (ಆದಾಯದ ಹತ್ತರಲ್ಲಿ ಒಂದು ಪಾಲು) ಕೊಡಲೇಬೇಕೇ?

ಈ ವಿಷಯದಲ್ಲಿ ಸಭೆಗಳ ನಡುವೆ ಒಮ್ಮತವಿಲ್ಲ. ಹಳೆಯ ಒಡಂಬಡಿಕೆಯ ದಶಾಂಶವನ್ನು ಇಂದಿಗೂ ಕಟ್ಟಳೆಯಾಗಿ ಬೋಧಿಸುವವರಿದ್ದಾರೆ, ಅದನ್ನು ಒಂದು ಒಳ್ಳೆಯ ಅಳತೆಯಾಗಿ ಮಾತ್ರ ನೋಡುವವರೂ ಇದ್ದಾರೆ. ಪೌಲನು ಕೊರಿಂಥದವರಿಗೆ ಬರೆಯುವಾಗ ಪ್ರತಿಯೊಬ್ಬನು ತನ್ನ ಹೃದಯದಲ್ಲಿ ನಿಶ್ಚಯಿಸಿಕೊಂಡಂತೆ ಕೊಡಲಿ, ದುಃಖದಿಂದಾಗಲಿ ಬಲಾತ್ಕಾರದಿಂದಾಗಲಿ ಬೇಡ ಎನ್ನುತ್ತಾನೆ, ಮತ್ತು ಕಡುಬಡತನದಲ್ಲಿಯೂ ತಾವಾಗಿಯೇ ಬೇಡಿಕೊಂಡು ಕೊಟ್ಟ ಮಕೆದೋನ್ಯದ ಸಭೆಗಳನ್ನು ಮಾದರಿಯಾಗಿ ತೋರಿಸುತ್ತಾನೆ.

ಎರಡು ಕಾಸು ಹಾಕಿದ ಬಡ ವಿಧವೆಯ ಕಥೆಯನ್ನು ಕಾಣಿಕೆಯ ಭಾನುವಾರಗಳಂದು ನಾವು ತಪ್ಪದೆ ಓದುತ್ತೇವೆ. ಮಾರ್ಕನ ಸುವಾರ್ತೆಯಲ್ಲಿ ಅದಕ್ಕೆ ಹಿಂದಿನ ವಚನದಲ್ಲಿಯೇ ಯೇಸು ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ ಬಗ್ಗೆ ಎಚ್ಚರಿಸಿದ್ದಾನೆಂಬುದನ್ನು ಓದುವುದು ಕಡಿಮೆ. ಮಕ್ಕಳ ಶಾಲೆಯ ಫೀಸಿಗೆ ಸಾಲ ಮಾಡಿದವರಿಂದ, ಕೊಡದಿದ್ದರೆ ಶಾಪ ತಟ್ಟುತ್ತದೆ ಎಂದು ಹೆದರಿಸಿ ಪಡೆದ ಹಣವನ್ನು ಸ್ತೋತ್ರ ಕಾಣಿಕೆ ಎಂದು ಕರೆಯಬಾರದು.

ದೇವರಿಗೆ ಕೃತಜ್ಞರಾಗಿದ್ದರೆ ಸಾಕೇ, ಮನುಷ್ಯರಿಗೂ ಇರಬೇಕೇ?

ಇರಬೇಕು. ಊಟಕ್ಕೆ ಮುಂಚೆ ಕಣ್ಣುಮುಚ್ಚಿ ಸ್ತೋತ್ರ ಹೇಳಿ, ಆ ಊಟವನ್ನು ಅಡುಗೆಮನೆಯ ಹೊಗೆಯಲ್ಲಿ ನಿಂತು ಬೇಯಿಸಿದವರಿಗೆ ಒಂದು ಮಾತನ್ನೂ ಹೇಳದೆ ಏಳುವುದು ನಮ್ಮ ಮನೆಗಳಲ್ಲಿ ದಿನವೂ ನಡೆಯುತ್ತದೆ. ಇದಕ್ಕಿಂತ ಗಂಭೀರವಾದದ್ದು ಸಂಬಳದ ವಿಷಯ. ಹೊಲ ಕೊಯ್ದವರಿಗೆ ಕೊಡದೆ ಹಿಡಿದುಕೊಂಡ ಕೂಲಿಯೇ ಕೂಗುತ್ತದೆ, ಆ ಕೂಗು ಸೇನಾಧೀಶ್ವರನಾದ ಕರ್ತನ ಕಿವಿಯನ್ನು ಮುಟ್ಟಿದೆ ಎಂದು ಯಾಕೋಬನ ಪತ್ರಿಕೆ ಹೇಳುತ್ತದೆ. ಗೃಹಪ್ರವೇಶದ ಕೃತಜ್ಞತಾ ಕೂಟಕ್ಕೆ ಇನ್ನೂರು ಜನರನ್ನು ಕರೆದು, ಗಾರೆ ಕೆಲಸದವರ ಬಾಕಿಯನ್ನು ಮುಂದಿನ ತಿಂಗಳಿಗೆ ದೂಡಿದ್ದರೆ, ಆ ಕೂಟದಲ್ಲಿ ದೇವರಿಗೆ ಕೇಳಿಸುವುದು ನಮ್ಮ ಹಾಡಲ್ಲ. ಯೆರಿಕೋವಿನ ಸುಂಕ ವಸೂಲಿಗಾರ ಜಕ್ಕಾಯನನ್ನು ನೋಡಿರಿ. ಯೇಸು ತಾನಾಗಿಯೇ ಅವನ ಮನೆಗೆ ಬಂದ ದಿನ, ಯಾರೂ ಕೇಳದಿದ್ದರೂ, ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುತ್ತೇನೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದನು. ಕೃಪೆ ಅವನ ಕೈಚೀಲದವರೆಗೂ ಇಳಿಯಿತು.

ದಿನನಿತ್ಯದಲ್ಲಿ ಇದನ್ನು ಹೇಗೆ ರೂಢಿಸಿಕೊಳ್ಳುವುದು?

ಹೆಸರು ಹಿಡಿದು ನೆನೆಯುವುದರಿಂದ. ಎಲ್ಲದಕ್ಕೂ ಸ್ತೋತ್ರ ಎಂದು ಒಂದೇ ಉಸಿರಿಗೆ ಮುಗಿಸಿದರೆ ಯಾವುದಕ್ಕೂ ಸ್ತೋತ್ರ ಹೇಳಿದಂತಾಗುವುದಿಲ್ಲ. ಸಭಾ ಸುಧಾರಕ ಮಾರ್ಟಿನ್ ಲೂಥರನು 1529ರ ತನ್ನ ಕಿರಿಯ ಪ್ರಶ್ನೋತ್ತರಿಯಲ್ಲಿ ಸೃಷ್ಟಿಕರ್ತನಾದ ದೇವರ ಉಪಕಾರಗಳನ್ನು ವಿವರಿಸುವಾಗ ಕಣ್ಣು, ಕಿವಿ, ಬಟ್ಟೆ, ಪಾದರಕ್ಷೆ, ಅನ್ನಪಾನ, ಮನೆ, ಹೊಲ, ದನಕರು ಎಂದು ಒಂದೊಂದನ್ನೇ ಎಣಿಸುತ್ತಾನೆ. ಪಾದರಕ್ಷೆಯನ್ನೂ ಬಿಡದ ಆ ಪಟ್ಟಿ ನಮಗೆ ಒಳ್ಳೆಯ ಗುರು. ರಾತ್ರಿಯ ಕುಟುಂಬ ಪ್ರಾರ್ಥನೆಯಲ್ಲಿ ಮನೆಯ ಪ್ರತಿಯೊಬ್ಬರೂ ಆ ದಿನದ ಒಂದೇ ಒಂದು ಸಂಗತಿಯನ್ನು ಹೇಳಿದರೆ ಸಾಕು. ಮಕ್ಕಳು ಇದನ್ನು ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ.

ಮನಸ್ಸಿಗೆ ಏನೂ ಅನ್ನಿಸದಿರುವಾಗ ಬಾಯಲ್ಲಿ ಸ್ತೋತ್ರ ಹೇಳುವುದು ಕಪಟವಲ್ಲವೇ?

ಕಪಟವೆಂದರೆ ಇಲ್ಲದ್ದನ್ನು ಇದೆಯೆಂದು ಜನರೆದುರು ತೋರಿಸುವುದು. ನನ್ನ ಮನಸ್ಸು ಒಣಗಿದೆ, ಆದರೂ ನೀನು ಮಾಡಿದ್ದು ನನಗೆ ಗೊತ್ತು ಎಂದು ದೇವರಿಗೆ ಹೇಳುವುದು ಕಪಟವಲ್ಲ, ಪ್ರಾರ್ಥನೆ. ಕೃತಜ್ಞತೆಯು ಮೊದಲು ತಿಳಿವಳಿಕೆ ಎಂದು ಮೇಲೆ ಹೇಳಿದ್ದು ಇಂಥ ದಿನಗಳಿಗೆ ಬೇಕಾದ ಮಾತು. ಅಂಜೂರ ಚಿಗುರದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಕೊಟ್ಟಿಗೆಯಲ್ಲಿ ದನವಿಲ್ಲದಿದ್ದರೂ ಯೆಹೋವನಲ್ಲಿ ಉಲ್ಲಾಸಿಸುವೆನು ಎಂದ ಪ್ರವಾದಿ ಹಬಕ್ಕೂಕನು ತನ್ನ ಕೊಟ್ಟಿಗೆ ತುಂಬಿದೆಯೆಂದು ನಟಿಸಲಿಲ್ಲ. ಬರಿದಾದದ್ದನ್ನೆಲ್ಲ ಒಂದೊಂದಾಗಿ ಎಣಿಸಿದ ಮೇಲೆಯೇ ಆ ಮಾತನ್ನು ಆಡಿದನು.

ನಮ್ಮ ನಾಡಿನ ಸಭೆಗಳಲ್ಲಿ ಇದಕ್ಕೆಂದೇ ಹಬ್ಬಗಳಿವೆಯೇ?

ಇವೆ. ಸಿಎಸ್ಐ (ದಕ್ಷಿಣ ಭಾರತ ಸಭೆ) ಮೊದಲಾದ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಸುಗ್ಗಿ ಹಬ್ಬದ ಭಾನುವಾರ ಬಲಿಪೀಠದ ಮುಂದೆ ತೆಂಗಿನಕಾಯಿ, ಬಾಳೆಗೊನೆ, ಕುಂಬಳಕಾಯಿ, ಅಕ್ಕಿ, ಮನೆಯಲ್ಲಿ ಮಾಡಿದ ತಿಂಡಿ ತುಂಬಿರುತ್ತವೆ. ಆರಾಧನೆಯ ನಂತರ ಅಂಗಳದಲ್ಲಿ ಹರಾಜು. ಯಾರೋ ಅಜ್ಜಿ ದಾರದಲ್ಲಿ ಕಟ್ಟಿ ತಂದ ನಾಲ್ಕು ನುಗ್ಗೆಕಾಯಿ ಸಂತೆಯ ಬೆಲೆಯ ಹತ್ತರಷ್ಟಕ್ಕೆ ಹೋಗುತ್ತದೆ, ಕೊಂಡವರು ಅದನ್ನೇ ಮತ್ತೊಮ್ಮೆ ಹರಾಜಿಗೆ ಕೊಡುವುದೂ ಉಂಟು. ಕರಾವಳಿಯ ಕೊಂಕಣಿ ಕಥೋಲಿಕರು ಸೆಪ್ಟೆಂಬರ್ 8ರಂದು ಕನ್ಯಾ ಮರಿಯಮ್ಮನವರ ಜನ್ಮದಿನದ ಜೊತೆಗೆ ಮೊಂತಿ ಹಬ್ಬವನ್ನು, ಅಂದರೆ ತೆನೆ ಹಬ್ಬವನ್ನು, ಆಚರಿಸುತ್ತಾರೆ. ಮಕ್ಕಳು ತಂದ ಹೂಗಳನ್ನು ಮಾತೆಗೆ ಅರ್ಪಿಸಿ, ಹೊಸ ತೆನೆಗಳನ್ನು ಆಶೀರ್ವದಿಸಿ, ಬಲಿಪೂಜೆಯ ಬಳಿಕ ಮನೆಮನೆಗೆ ಹಂಚುತ್ತಾರೆ. ಮನೆಯಲ್ಲಿ ದೇವರ ಪೀಠದ ಮುಂದೆ ಪ್ರಾರ್ಥನೆಯಾದ ಮೇಲೆ ಹಿರಿಯರು ತೆನೆಯ ಕಾಳುಗಳನ್ನು ಉಗುರಿನಿಂದ ಸುಲಿದು, ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಕೊಡುತ್ತಾರೆ. ಅಂದಿನ ಊಟ ಸಸ್ಯಾಹಾರ. ಗದ್ದೆ ಮಾರಿ ಪೇಟೆ ಸೇರಿದ ಮನೆಗಳಲ್ಲಿಯೂ ಇದು ತಪ್ಪುವುದಿಲ್ಲ. ದುಬೈಯಲ್ಲೋ ಕುವೈತಿನಲ್ಲೋ ಇರುವ ಮಗನಿಗೆಂದು ನಾಲ್ಕು ಕಾಳುಗಳನ್ನು ಕಾಗದದಲ್ಲಿ ಮಡಚಿ ಅಂಚೆಗೆ ಹಾಕುವ ತಾಯಂದಿರೂ ಇದ್ದಾರೆ.